ಕಣ್ಣೀರ ಚೀಲದ ಕಥಿ, ಭಾಗ 3: ಕೀಳೋದಾ, ದಾರಿ ಮಾಡೋದಾ?

ಕಾಗಿಣಾ ಉಕ್ಕಿದ್ರ ದಂಡೋತಿ ಸೇತುವೆ ಮುಳುಗಿ ದಾರಿ ಬಂದ್ ಆಗ್ತದ. ಕಣ್ಣೀರಿಗೂ ದಾರಿ ಅದ: ಕಣ್ಣಿನ ಮೂಲೆ, ಕಣ್ಣೀರ ಚೀಲ, ಅಲ್ಲಿಂದ ಮೂಗು. ಅದು ಕಟ್ಟಿದ್ರ ಕಣ್ಣು ಸೋರ್ತದ, ಚೀಲದಾಗ ಕೀವು ತುಂಬ್ತದ.

ಸುಶ್ರುತ ಸಂಹಿತೆಯಲ್ಲಿ ಇಂಥ ಕೀವಿನ ಬಾವಿಗೆ ‘ಪೂಯಾಲಸ’ ಎಂಬ ಹೆಸರಿದೆ. 19ನೇ ಶತಮಾನದ ಯುರೋಪಿನ ವೈದ್ಯರು ಎಷ್ಟೋ ಸಲ ಚೀಲವನ್ನೇ ಕಿತ್ತುಹಾಕುತ್ತಿದ್ದರು. ಕೀವು ನಿಂತರೂ ನೀರು ನಿಲ್ಲುತ್ತಿರಲಿಲ್ಲ. 1904ರಲ್ಲಿ ಇಟಲಿಯ ಅದ್ದೆಯೋ ತೋತಿ ಎಲುಬಿನಲ್ಲಿ ಕಿಂಡಿ ಕೊರೆದು ಚೀಲ ನೇರ ಮೂಗಿಗೆ ತೆರೆಯುವಂತೆ ಮಾಡಿದರು. ಇವತ್ತಿನ ‘ಡಿಸಿಆರ್’ ಆಪರೇಷನ್ ಬೆಳೆದದ್ದು ಅಲ್ಲಿಂದಲೇ.

ಚೀಲದ ಗಡ್ಡೆ ಅಪರೂಪ. ಆದರೆ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕ್ಯಾನ್ಸರ್. ಅದಕ್ಕೆ ಬರೀ ದಾರಿ ಮಾಡಿದರೆ ಸಾಲದು, ಚೀಲ ತೆಗೆಯಲೇಬೇಕು. ಮೂಲೆಯಲ್ಲಿ ಗಟ್ಟಿ ಗಂಟು, ರಕ್ತ ಬೆರೆತ ಕಣ್ಣೀರು ಕಂಡ್ರ ‘ಕಲ್ಲಿನ ಧೂಳು ಬಿದ್ದದ’ ಅಂತ ಸುಮ್ಮ ಕೂಡಬ್ಯಾಡ್ರಿ, ಕಣ್ಣಿನ ಡಾಕ್ಟರಿಗೆ ತೋರಸ್ರಿ.