ದ್ವೀಪಕ್ಕೆ ಮರಳಿದವರು

ಜ್ವಾಲಾಮುಖಿಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಬೆಂಕಿಯ ಚಿತ್ರ. ಬಾಯ್ದೆರೆದ ಬೆಟ್ಟ, ಇಳಿದುಬರುವ ಲಾವಾ, ಹಗಲನ್ನು ಇರುಳು ಮಾಡುವ ಬೂದಿ, ಉಟ್ಟ ಬಟ್ಟೆಯಲ್ಲಿ ಓಡುವ ಜನ. ವೃತ್ತಪತ್ರಿಕೆಗಳು ಬರೆಯುವುದೂ ಹೆಚ್ಚಾಗಿ ಇಷ್ಟನ್ನೇ. ಕನ್ನಡ ನಾಡಿನವರಾದ ನಮಗೆ ಜೀವಂತ ಜ್ವಾಲಾಮುಖಿಯ ಅನುಭವವಿಲ್ಲ. ವಿಜಯಪುರ, ಕಲಬುರಗಿ ಸೀಮೆಗಳ ಎರೆಮಣ್ಣು ಕೋಟ್ಯಂತರ ವರ್ಷಗಳ ಹಿಂದೆ ಹರಿದ ಲಾವಾದ ಶಿಲೆ ಸವೆದು ಆದದ್ದೆಂದು ಭೂವಿಜ್ಞಾನಿಗಳು ತಿಳಿಸಿದಾಗ ಮಾತ್ರ ಆ ಬೆಂಕಿಗೂ ನಮ್ಮ ಜೋಳದ ರೊಟ್ಟಿಗೂ ನಂಟುಂಟೆಂಬುದು ನೆನಪಾಗುತ್ತದೆ. ಆದರೆ ಇಂದು ನಾನು ಹೇಳಹೊರಟಿರುವುದು ಬೆಂಕಿಯ ಕಥೆಯನ್ನಲ್ಲ, ಬೆಂಕಿ ಆರಿದ ಮೇಲಿನ ಕಥೆಯನ್ನು. ಬೆಟ್ಟ ಸಿಡಿಯುವುದಕ್ಕೆ ಒಂದು ರಾತ್ರಿ ಸಾಕು. ಊರು ಮತ್ತೆ ಊರಾಗುವುದಕ್ಕೆ ಒಂದು ತಲೆಮಾರು ಬೇಕು. ಆ ದೀರ್ಘಕಾಲದಲ್ಲಿ ಊರಿನ ವಿಷಯವನ್ನು ನಿರ್ಧರಿಸಬೇಕಾದವರು ಯಾರು? ನೆರವು ಕೊಡುವ ಸರ್ಕಾರವೊ, ಅಪಾಯವನ್ನು ಅಳೆಯಬಲ್ಲ ವಿಜ್ಞಾನಿಯೊ, ಅಲ್ಲಿ ಹುಟ್ಟಿ ಬೆಳೆದ ನಿವಾಸಿಯೊ? ಈ ಪ್ರಶ್ನೆಗೆ ಇತಿಹಾಸ ಕೊಟ್ಟ ಉತ್ತರಗಳಲ್ಲಿ ಟ್ರಿಸ್ಟನ್ ಡ ಕುನ್ಹಾ ಎಂಬ ಪುಟ್ಟ ದ್ವೀಪದ ಉತ್ತರ ಬಹು ಸ್ಪಷ್ಟವಾದದ್ದು.

ದಕ್ಷಿಣ ಅಟ್ಲಾಂಟಿಕ್ ಸಾಗರದ ನಡುವೆ, ಕೇಪ್‌ಟೌನ್ ಬಂದರಿನಿಂದ ಸುಮಾರು 2,800 ಕಿಲೊಮೀಟರ್ ದೂರದಲ್ಲಿ ಈ ದ್ವೀಪವಿದೆ. ದ್ವೀಪವೆಂದರೆ ಸಮುದ್ರದಿಂದ ಮೇಲೆದ್ದ ಒಂದು ಜ್ವಾಲಾಮುಖಿಯೇ. ಅದರ ಶಿಖರದ ಎತ್ತರ 2,000 ಮೀಟರಿಗೂ ಮಿಗಿಲು. ಬೆಟ್ಟದ ಬುಡದಲ್ಲಿ ಚಾಚಿಕೊಂಡಿರುವ ಕಿರಿದಾದ ಬಯಲಿನ ಮೇಲೆ ಒಂದೇ ಒಂದು ಊರು. ಪೋರ್ಚುಗೀಸ್ ನಾವಿಕನೊಬ್ಬ 1506ರಲ್ಲಿ ಇದನ್ನು ಕಂಡು ತನ್ನ ಹೆಸರನ್ನು ಇಟ್ಟುಹೋದ. ನೆಪೋಲಿಯನ್ ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಾಗಿದ್ದಾಗ, ಅವನನ್ನು ಬಿಡಿಸುವವರು ಇಲ್ಲಿ ನೆಲೆಯೂರಬಾರದೆಂದು ಬ್ರಿಟಿಷರು 1816ರಲ್ಲಿ ಒಂದು ಕಾವಲು ಪಡೆಯನ್ನು ಇರಿಸಿದರು. ಮರುವರ್ಷವೇ ಪಡೆಯನ್ನು ಹಿಂದಕ್ಕೆ ಕರೆಸಿಕೊಂಡಾಗ ವಿಲಿಯಂ ಗ್ಲಾಸ್ ಎಂಬ ಸ್ಕಾಟ್ಲೆಂಡಿನ ಕಾರ್ಪೊರಲ್ ತನ್ನ ಹೆಂಡತಿ ಮಕ್ಕಳೊಡನೆ ಅಲ್ಲಿಯೇ ಉಳಿದ. ಅವನ ಜೊತೆಗೆ ಇಬ್ಬರು ಕಲ್ಲುಕುಟಿಗರು ಉಳಿದರು.

ಉಳಿದ ಈ ಕೆಲವೇ ಮಂದಿ 1817ರಲ್ಲಿ ತಮ್ಮೊಳಗೆ ಒಂದು ಒಪ್ಪಂದ ಬರೆದುಕೊಂಡರು. ಸಾಮಗ್ರಿ ಮತ್ತು ದನಕರುಗಳಲ್ಲಿ ಎಲ್ಲರಿಗೂ ಸಮಪಾಲು. ಲಾಭದಲ್ಲಿಯೂ ಖರ್ಚಿನಲ್ಲಿಯೂ ಸಮಭಾಗ. ಅವರಲ್ಲಿ ಯಾರೂ ಯಾರಿಗೂ ಮೇಲಿನವರಲ್ಲ. ಇದೇ ಅದರ ತಿರುಳು. ಮುಂದೆ ಒಡೆದ ಹಡಗುಗಳಿಂದ ಪಾರಾದವರು, ಸೇಂಟ್ ಹೆಲೆನಾದಿಂದ ಮದುವೆಯಾಗಿ ಬಂದ ಹೆಂಗಸರು, ಇಟಲಿಯ ನಾವಿಕರು, ಹೀಗೆ ಕೂಡಿ ಆ ಸಂಸಾರ ಬೆಳೆಯಿತು. ಆಲೂಗೆಡ್ಡೆ, ಮೀನು, ಕುರಿ ಇವರ ಜೀವನಾಧಾರ. ಮರದ ಚೌಕಟ್ಟಿಗೆ ಕ್ಯಾನ್ವಾಸ್ ಬಟ್ಟೆ ಹೊದಿಸಿ ತಾವೇ ಕಟ್ಟಿದ ದೋಣಿಗಳು ಇವರ ಹೆಮ್ಮೆ. 1885ರಲ್ಲಿ ದೂರದ ಹಡಗೊಂದನ್ನು ಸಂಧಿಸಲು ಹೋದ ದೋಣಿ ಮುಳುಗಿ 15 ಗಂಡಸರು ಸತ್ತರು. ಊರಿನ ದುಡಿಯುವ ಕೈಗಳಲ್ಲಿ ಬಹುಪಾಲು ಒಂದೇ ದಿನ ಹೋಯಿತು. ಆದರೂ ಊರು ಅಳಿಯಲಿಲ್ಲ. ಮುಂದಿನದನ್ನು ತಿಳಿಯುವುದಕ್ಕೆ ಈ ಹಿನ್ನೆಲೆ ಅಗತ್ಯ. ವಿಪತ್ತು ಬಂದಾಗ ಜನ ಹೊಸದಾಗಿ ಒಂದಾಗುವುದು ಅಪರೂಪ. ಮೊದಲೇ ಇದ್ದ ಒಗ್ಗಟ್ಟು ಅಂದು ಉಪಯೋಗಕ್ಕೆ ಬರುತ್ತದೆ, ಅಷ್ಟೆ.

1961ರ ಆಗಸ್ಟ್ ತಿಂಗಳಲ್ಲಿ ನೆಲ ನಡುಗತೊಡಗಿತು. ಮೊದಲು ಸಣ್ಣಗೆ, ಬರಬರುತ್ತ ಜೋರಾಗಿ. ಅಕ್ಟೋಬರ್ ಮೊದಲ ವಾರ ಕಳೆಯುವಷ್ಟರಲ್ಲಿ ಮನೆಗಳ ಬಾಗಿಲು ಕಿಟಕಿಗಳು ಸಿಕ್ಕಿಕೊಂಡುವು. ಊರಿನ ಪಕ್ಕದಲ್ಲೇ ನೆಲ ಬಿರಿದು ಉಬ್ಬತೊಡಗಿತು. ಜನ ಊರು ಬಿಟ್ಟು, ಕೆಲವು ಕಿಲೊಮೀಟರ್ ದೂರದ ಆಲೂಗೆಡ್ಡೆಯ ಹೊಲಗಳಲ್ಲಿ ಒಂದು ರಾತ್ರಿ ಕಳೆದರು. ಮಾರನೆಯ ದಿನ, ಅಕ್ಟೋಬರ್ 10ರಂದು, ಮೀನುಗಾರಿಕೆಯ ಹಡಗುಗಳ ನೆರವಿನಿಂದ ದ್ವೀಪವನ್ನೇ ತೊರೆದರು. ಮುದುಕರು, ಬಸುರಿಯರು, ಕೂಸುಗಳು ಸೇರಿ ಸುಮಾರು 260 ಮಂದಿ. ಒಂದು ಜೀವವೂ ಹೋಗಲಿಲ್ಲ. ಡಚ್ ಹಡಗೊಂದು ಅವರನ್ನು ಕೇಪ್‌ಟೌನಿಗೆ ಮುಟ್ಟಿಸಿತು. ಅಲ್ಲಿಂದ ಇನ್ನೊಂದು ಹಡಗು ನವೆಂಬರ್ ಮೊದಲಲ್ಲಿ ಇಂಗ್ಲೆಂಡಿಗೆ. ಇತ್ತ ದ್ವೀಪದಲ್ಲಿ ಲಾವಾ ಸಮುದ್ರದ ಕಡೆಗೆ ಹರಿದು, ಸೀಗಡಿಯ ಜಾತಿಯ ಲಾಬ್‌ಸ್ಟರನ್ನು ಡಬ್ಬಿಗೆ ತುಂಬುತ್ತಿದ್ದ ಕಾರ್ಖಾನೆಯನ್ನೂ ದೋಣಿಗಳನ್ನು ಎಳೆದು ನಿಲ್ಲಿಸುತ್ತಿದ್ದ ಕಡಲ ದಂಡೆಯನ್ನೂ ನುಂಗಿತು. ಊರಿನ ಮನೆಗಳು ಮಾತ್ರ ಬಹುಮಟ್ಟಿಗೆ ಉಳಿದುವು.

ಇಂಗ್ಲೆಂಡಿನಲ್ಲಿ ಅವರಿಗೆ ದಯೆಯ ಕೊರತೆಯಾಗಲಿಲ್ಲ. ಬಟ್ಟೆ ಬಂತು, ಹಣ ಬಂತು. ಮೊದಲು ಸರ್ರೆ ಪ್ರಾಂತದ ಶಿಬಿರವೊಂದರಲ್ಲಿ, 1962ರ ಆರಂಭದಲ್ಲಿ ಸೌದಾಂಪ್ಟನ್ ಬಳಿಯ ಕಾಲ್‌ಶಾಟ್ ಎಂಬಲ್ಲಿ ವಾಯುಪಡೆಯವರು ತೆರವು ಮಾಡಿದ್ದ ಮನೆಗಳಲ್ಲಿ ವಸತಿ ದೊರೆಯಿತು. ಗಂಡಸರಿಗೆ ಕೂಲಿಯ ಕೆಲಸ, ಮಕ್ಕಳಿಗೆ ಶಾಲೆ. ವಿದ್ಯುತ್ತು, ಅಂಗಡಿ, ಸಿನಿಮಾ, ಆಸ್ಪತ್ರೆ, ಕೈಗೆ ವಾರದ ಸಂಬಳ. ಇದಕ್ಕಿಂತ ಇನ್ನೇನು ಬೇಕು ಎಂದು ಅಧಿಕಾರಿಗಳು ಯೋಚಿಸಿದರೆ ಅದರಲ್ಲಿ ದುರುದ್ದೇಶವೇನೂ ಇರಲಿಲ್ಲ. ಇವರು ಇಲ್ಲಿಯೇ ನಿಲ್ಲುತ್ತಾರೆ, ಇಂಗ್ಲೆಂಡಿನ ಜನದಲ್ಲಿ ಬೆರೆತುಹೋಗುತ್ತಾರೆ ಎಂಬುದು ವಸಾಹತು ಇಲಾಖೆಯ ಎಣಿಕೆಯಾಗಿತ್ತು.

ಆದರೆ ಆ ಎಣಿಕೆಯಲ್ಲಿ ದ್ವೀಪದವರನ್ನು ಕೇಳಿದ ಮಾತೇ ಇರಲಿಲ್ಲ. ಹೊಸ ನಾಡಿನ ಶೀತ ಕಫಗಳಿಗೆ ಒಗ್ಗಿರದ ಅವರ ದೇಹಗಳು ಬೇಗ ಸೋತುವು. ಮೊದಲ ಚಳಿಗಾಲದಲ್ಲೇ ಕೆಲವು ಹಿರಿಯರು ತೀರಿಕೊಂಡರು. ವೈದ್ಯರು ಅವರನ್ನು ಪರೀಕ್ಷಿಸಿದರು, ವಿದ್ವಾಂಸರು ಅವರ ಮಾತಿನ ಧಾಟಿಯನ್ನು ಮುದ್ರಿಸಿಕೊಂಡರು, ಪತ್ರಕರ್ತರು ಚಿತ್ರ ತೆಗೆದರು. ಬಾಗಿಲಿಗೆ ಬೀಗ ಹಾಕದೆ ಬದುಕಿದ್ದವರು ಈಗ ಪ್ರದರ್ಶನದ ವಸ್ತುಗಳಂತಾದರು. ಎಲ್ಲಕ್ಕಿಂತ ಹೆಚ್ಚಾಗಿ, ತನ್ನ ಹೊಲ ತನ್ನ ದೋಣಿ ಎಂದು ಯಾರ ಅಪ್ಪಣೆಯೂ ಇಲ್ಲದೆ ದುಡಿಯುತ್ತಿದ್ದ ಮನುಷ್ಯ ಗಂಟೆ ಹೊಡೆದಾಗ ಬಂದು ಗಂಟೆ ಹೊಡೆದಾಗ ಹೋಗುವ ಆಳಾದ. ಸಂಬಳ ಹೆಚ್ಚಾಯಿತು, ಮನುಷ್ಯ ಕಿರಿದಾದ. 1937ರಲ್ಲಿ ದ್ವೀಪಕ್ಕೆ ಹೋದ ನಾರ್ವೆಯ ತಂಡದಲ್ಲಿದ್ದ ಸಮಾಜಶಾಸ್ತ್ರಜ್ಞ ಪೀಟರ್ ಮುಂಕ್ ಈ ಜನರನ್ನು ಬಹುಕಾಲ ಅಭ್ಯಸಿಸಿ 1971ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದರು. ಇವರು ಮರಳಲು ಹಂಬಲಿಸಿದ್ದು ಬರಿಯ ತೌರಿನ ಮೋಹದಿಂದಲ್ಲ, ತಮಗೆ ಸರಿಯೆನಿಸಿದ ಒಂದು ಬಾಳಿನ ಕ್ರಮಕ್ಕಾಗಿ ಎಂಬುದು ಅಂಥ ಅಧ್ಯಯನದಿಂದ ಮನವರಿಕೆಯಾಗುತ್ತದೆ.

ದ್ವೀಪದವರು ಗಲಭೆ ಮಾಡಲಿಲ್ಲ, ಬಿಡದೆ ಕೇಳಿದರು. 1962ರ ಮೊದಲ ತಿಂಗಳುಗಳಲ್ಲಿ ರಾಯಲ್ ಸೊಸೈಟಿಯ ವಿಜ್ಞಾನಿಗಳ ತಂಡವೊಂದು ದ್ವೀಪಕ್ಕೆ ಹೋಗಿ ಪರಿಶೀಲಿಸಿತು. ಊರು ನಿಂತಿದೆ, ಬೆಂಕಿ ತಗ್ಗಿದೆ ಎಂಬ ಸುದ್ದಿ ಬಂದ ಮೇಲೆ ಅವರ ಕೋರಿಕೆಗೆ ಬಲ ಬಂತು. ಆ ವರ್ಷದ ಸೆಪ್ಟೆಂಬರಿನಲ್ಲಿ ದ್ವೀಪದವರೇ ಆದ 12 ಮಂದಿ ಮುಂದಾಗಿ ಹೋದರು. ಬಿಟ್ಟುಬಂದ ನಾಯಿಗಳು ಕುರಿಗಳನ್ನು ತಿಂದುಹಾಕಿದ್ದುವು, ಬೀಡುಬಿದ್ದ ಮನೆಗಳಲ್ಲಿ ಕಳವಾಗಿತ್ತು. ಅವರು ಸೂರು ಸರಿಪಡಿಸಿದರು, ದೋಣಿ ದುರಸ್ತಿ ಮಾಡಿದರು, ಆಲೂಗೆಡ್ಡೆ ನೆಟ್ಟರು. ವಿಜ್ಞಾನಿಯ ವರದಿ ಎಷ್ಟೇ ನಿಖರವಾಗಿರಲಿ, ಗೆಡ್ಡೆ ಬೆಳೆಯುತ್ತದೆಯೆ, ದಂಡೆಯಿಲ್ಲದೆ ದೋಣಿ ಇಳಿಸಬಹುದೆ ಎಂಬುದನ್ನು ಹೇಳಬಲ್ಲವರು ಈ ಹನ್ನೆರಡು ಮಂದಿಯೇ. ಹೀಗೆ ಎರಡು ಬಗೆಯ ಅರಿವು ಒಂದರ ಪಕ್ಕದಲ್ಲಿ ಒಂದು ನಿಂತುವು.

ಕೊನೆಗೆ 1962ರ ಡಿಸೆಂಬರಿನಲ್ಲಿ ಸರ್ಕಾರ ಮತ ಕೇಳಿತು. ಮರಳಬೇಕೆಂದು 148 ಮತಗಳು, ಬೇಡವೆಂದು 5. ಆಧುನಿಕ ನಾಗರಿಕತೆಯ ಸೌಕರ್ಯಗಳನ್ನು ಒಂದು ವರ್ಷ ಉಂಡು, ತೂಗಿ ನೋಡಿದ ಮೇಲೆ ಕೊಟ್ಟ ಮತಗಳಿವು. 1963ರಲ್ಲಿ ಅವರು ತಂಡ ತಂಡವಾಗಿ ಹಿಂದಿರುಗಿದರು. ದೊಡ್ಡ ತಂಡ ನವೆಂಬರಿನಲ್ಲಿ ದ್ವೀಪವನ್ನು ಮುಟ್ಟಿತು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದೊಂದು ಅಜ್ಜಿಯ ಕಥೆಯಾಗುತ್ತಿತ್ತು. ಊರಿನ ಪುನರುಜ್ಜೀವನದ ನಿಜವಾದ ಶ್ರಮ ಆರಂಭವಾದುದೇ ಈಗ. ಕಾರ್ಖಾನೆಯಿಲ್ಲ, ದೋಣಿ ಇಳಿಸಲು ದಂಡೆಯಿಲ್ಲ. ಹೊಸ ಬಂದರು 1967ರಲ್ಲಿ ಮುಗಿಯಿತು. ಹೊಸ ಕಾರ್ಖಾನೆಯೂ ಎದ್ದಿತು. ಅಷ್ಟರೊಳಗೆ, 1966ರಲ್ಲಿ, ಮೂವತ್ತಕ್ಕೂ ಹೆಚ್ಚು ಮಂದಿ ಮತ್ತೆ ಇಂಗ್ಲೆಂಡಿಗೆ ಹೊರಟುಹೋದರು. ಎರಡು ಲೋಕಗಳನ್ನು ಕಂಡ ಮೇಲೆ ಒಂದರಲ್ಲಿ ನಿಲ್ಲುವುದು ಸುಲಭವಲ್ಲ. ಅವರಲ್ಲಿ ಹಲವರು ಕೆಲಕಾಲದ ಮೇಲೆ ಪುನಃ ದ್ವೀಪಕ್ಕೇ ಬಂದರು. ಹೋದವರನ್ನು ಯಾರೂ ದ್ರೋಹಿಗಳೆನ್ನಲಿಲ್ಲ. ಜನರನ್ನು ಕೇಳಿ ನಡೆಯುವುದೆಂದರೆ ಒಂದು ದಿನ ಮತ ಪಡೆದು ಪೆಟ್ಟಿಗೆ ಮುಚ್ಚುವುದಲ್ಲ. ಮನಸ್ಸು ಬದಲಿಸುವ ಸ್ವಾತಂತ್ರ್ಯವೂ ಅದರಲ್ಲಿ ಅಡಗಿದೆ. ಇನ್ನೊಂದು ಸಂಗತಿ ಗಮನಿಸತಕ್ಕದ್ದು: ಹೊಸ ಬಂದರಿಗೆ ಇಟ್ಟ ಹೆಸರು ಕಾಲ್‌ಶಾಟ್. ತಾವು ನಿಲ್ಲಲೊಲ್ಲದ ಊರಿನ ಹೆಸರನ್ನೇ ತಮ್ಮ ಬಾಗಿಲಿಗೆ ಬರೆದುಕೊಂಡ ಜನ ಉಪಕಾರವನ್ನು ಮರೆತವರಲ್ಲ.

ಹಾಗಾದರೆ ಜನರ ಇಚ್ಛೆಯೊಂದೇ ಸಾಕೆ? ಅಲ್ಲವೆಂಬುದಕ್ಕೆ ಕೆರಿಬಿಯನ್ ಸಮುದ್ರದ ಮಾಂಟ್‌ಸೆರಾಟ್ ದ್ವೀಪ ಸಾಕ್ಷಿ. ಅಲ್ಲಿಯ ಜ್ವಾಲಾಮುಖಿ 1995ರ ಜುಲೈಯಲ್ಲಿ ಎಚ್ಚೆತ್ತಿತು. ರಾಜಧಾನಿ ಪ್ಲಿಮತ್ ಬೂದಿಯಲ್ಲಿ ಹೂತುಹೋಯಿತು. ದಕ್ಷಿಣ ಭಾಗವನ್ನು ನಿಷಿದ್ಧ ಪ್ರದೇಶವೆಂದು ಸಾರಲಾಯಿತು. ಜನ ಉತ್ತರದ ಕಿಕ್ಕಿರಿದ ಆಶ್ರಯಗಳಲ್ಲಿ ದಿನ ಕಳೆದರು. ಅಲ್ಲಿ ಉಳುವ ನೆಲ ಸಾಕಷ್ಟು ದೊರೆಯದೆ, ಕೆಲವರು ತಮ್ಮ ಹೊಲ ನೋಡಿಕೊಳ್ಳಲು ನಿಷಿದ್ಧ ಪ್ರದೇಶಕ್ಕೆ ಹೋಗಿಬರುತ್ತಿದ್ದರು. 1997ರ ಜೂನ್ 25ರಂದು ಬೆಟ್ಟದಿಂದ ಉರಿಗಾಳಿಯೂ ಬಿಸಿಬೂದಿಯೂ ನುಗ್ಗಿ 19 ಮಂದಿ ಸತ್ತರು. ಜ್ವಾಲಾಮುಖಿಗೆ ಜನಮತದ ಹಂಗಿಲ್ಲ. ಆದರೆ ಆ ಸಾವುಗಳನ್ನು ಬರಿಯ ಹಟಮಾರಿತನವೆಂದು ತಳ್ಳಿಹಾಕುವುದೂ ನ್ಯಾಯವಲ್ಲ. ಹೋಗಬೇಡಿ ಎಂದು ಹೇಳುವ ಅಧಿಕಾರಿ, ಹೋಗದೆ ಬದುಕುವುದು ಹೇಗೆಂಬುದನ್ನು ಆ ಜನರೊಡನೆಯೇ ಕೂತು ಯೋಚಿಸದಿದ್ದರೆ ಎಚ್ಚರಿಕೆ ಬರಿಯ ಶಬ್ದವಾಗುತ್ತದೆ. ಆ ದ್ವೀಪದ ಜನಸಂಖ್ಯೆಯ ಸುಮಾರು ಮೂರನೆಯ ಎರಡು ಭಾಗ ನಾಡು ಬಿಟ್ಟಿತು.

ಮರಳಲು ನೆಲವೇ ಇಲ್ಲದವರ ಗತಿಯೇನು? ಮೆಕ್ಸಿಕೊ ದೇಶದಲ್ಲಿ 1943ರ ಫೆಬ್ರವರಿ 20ರಂದು ಡಿಯೊನಿಸಿಯೊ ಪುಲಿಡೊ ಎಂಬ ರೈತನ ಮೆಕ್ಕೆಜೋಳದ ಹೊಲದಲ್ಲಿ ನೆಲ ಸೀಳಿ ಪರಿಕುಟಿನ್ ಎಂಬ ಜ್ವಾಲಾಮುಖಿ ಹುಟ್ಟಿತು. 1952ರಲ್ಲಿ ಅದು ತಣ್ಣಗಾಗುವ ಮೊದಲು ಸಾನ್ ಹುವಾನ್ ಎಂಬ ಊರನ್ನು ಲಾವಾ ಮುಚ್ಚಿಬಿಟ್ಟಿತು. ಇಂದಿಗೂ ಕರಿಗಲ್ಲಿನ ಕಡಲಿನಿಂದ ಅಲ್ಲಿಯ ಚರ್ಚಿನ ಗೋಪುರ ತಲೆಯೆತ್ತಿ ನಿಂತಿದೆ. 1944ರ ಮೇ ತಿಂಗಳಲ್ಲಿ ಊರಿನವರು ತಮ್ಮ ಆರಾಧ್ಯ ಕ್ರಿಸ್ತನ ಮೂರ್ತಿಯನ್ನು ಹೊತ್ತು, ಕಾಲ್ನಡಿಗೆಯಲ್ಲಿ ಹೊಸ ತಾಣಕ್ಕೆ ಹೋಗಿ ಅದಕ್ಕೆ ಹಳೆಯ ಹೆಸರನ್ನೇ ಇಟ್ಟರು, ‘ಹೊಸ’ ಎಂಬ ಒಂದು ಮಾತನ್ನು ಸೇರಿಸಿ. ಅವರು ಒಡೆದುಹೋಗದೆ ಉಳಿದುದರ ಫಲ ಕಂಡದ್ದು ನಾಲ್ಕು ದಶಕಗಳ ತರುವಾಯ. 1980ರ ದಶಕದಿಂದ ಆ ಸಮುದಾಯ ತನ್ನ ಸಾಮೂಹಿಕ ಒಡೆತನದ ಕಾಡನ್ನು ತಾನೇ ನಿರ್ವಹಿಸಿ, ಮರದ ಕಾರ್ಖಾನೆಗಳನ್ನು ನಡೆಸಿ, ಕಡಿದಲ್ಲಿ ನೆಟ್ಟು, ಸಮುದಾಯ ಅರಣ್ಯಕ್ಕೆ ಲೋಕವೇ ಉದಾಹರಿಸುವ ಮಾದರಿಯಾಯಿತು. ಮೊದಲನೆಯವರು ನೆಲಕ್ಕೆ ಮರಳಿದರು. ಇವರು ನೆಲ ಕಳೆದುಕೊಂಡೂ ಊರನ್ನು ಹೊತ್ತುಕೊಂಡು ಹೋದರು. ಎರಡು ಕಡೆಯೂ ನಿರ್ಧಾರದಲ್ಲಿ ನಿವಾಸಿಗಳ ಕೈಯಿತ್ತು, ಆಸ್ತಿಯಲ್ಲಿ ಸಮುದಾಯದ ಹಕ್ಕಿತ್ತು.

ಈ ಮೂರು ಉದಾಹರಣೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ವಿವೇಕ ಹೊಳೆಯುತ್ತದೆ. ಅಪಾಯವೆಷ್ಟೆಂದು ಹೇಳುವುದು ವಿಜ್ಞಾನದ ಕೆಲಸ. ಆ ಮಾತಿಗೆ ಜನ ಕಿವಿಗೊಡಲೇಬೇಕು. ಸಾಧನವನ್ನು ಒದಗಿಸುವುದು ಸರ್ಕಾರದ ಕೆಲಸ. ಬಂದರನ್ನು ಮುನ್ನೂರು ಮಂದಿಯ ಊರು ತಾನೊಂದೇ ಕಟ್ಟಿಕೊಳ್ಳಲಾರದು. ಆದರೆ ಯಾವುದನ್ನು ಬದುಕೆನ್ನಬೇಕು ಎಂಬುದನ್ನು ಹೇಳುವ ಹಕ್ಕು ಬದುಕುವವರದು. ಸಂತ್ರಸ್ತರೆಂದು ಕರೆದ ಮಾತ್ರಕ್ಕೆ ಅವರ ಬುದ್ಧಿಯೂ ಸಂತ್ರಸ್ತವಾಗಿರುವುದಿಲ್ಲ. ಕಂಬಳಿ ಹಂಚುವಾಗ ಕೈಚಾಚಿದವರನ್ನು ಯೋಜನೆ ಬರೆಯುವಾಗ ಮರೆಯುವುದು ಎಲ್ಲ ನಾಡುಗಳ ಆಡಳಿತಗಳಿಗೂ ಇರುವ ರೂಢಿ.

ಟ್ರಿಸ್ಟನ್ನಿನಲ್ಲಿ ಇಂದಿಗೂ ಇನ್ನೂರಕ್ಕೂ ಮಿಗಿಲಾದ ಜನರಿದ್ದಾರೆ. ಅಲ್ಲಿಯ ನೆಲ ಇಂದಿಗೂ ಸಮುದಾಯದ್ದು. ಹೊರಗಿನವರು ಅದನ್ನು ಕೊಳ್ಳುವಂತಿಲ್ಲ. 2008ರಲ್ಲಿ ಬೆಂಕಿ ಬಿದ್ದು ಕಾರ್ಖಾನೆ ಮತ್ತೊಮ್ಮೆ ಸುಟ್ಟುಹೋಯಿತು. ಮರುವರ್ಷ ಮತ್ತೆ ಕಟ್ಟಿದರು. 2020ರಲ್ಲಿ ಅವರು ತಮ್ಮ ದ್ವೀಪಗಳ ಸುತ್ತಲಿನ ಸುಮಾರು 6,87,000 ಚದರ ಕಿಲೊಮೀಟರ್ ಕಡಲನ್ನು ಸಂರಕ್ಷಿತ ವಲಯವೆಂದು ಸಾರಿದರು. ಅಟ್ಲಾಂಟಿಕ್ ಸಾಗರದಲ್ಲಿ ಅಷ್ಟು ದೊಡ್ಡ ಸಂಪೂರ್ಣ ಸಂರಕ್ಷಿತ ವಲಯ ಇನ್ನೊಂದಿರಲಿಲ್ಲ. ಇಂಗ್ಲೆಂಡಿನ ಯಾವುದೋ ಬೀದಿಯಲ್ಲಿ ಕರಗಿಹೋಗಬಹುದೆಂದು ಒಮ್ಮೆ ಎಣಿಸಲಾಗಿದ್ದ ಜನ ಒಂದು ಕಡಲಿಗೆ ಕಾವಲುಗಾರರಾದರು. ಊರಿನ ಪಕ್ಕದಲ್ಲಿ ಆ ಲಾವಾದ ಗುಡ್ಡ ಹಾಗೆಯೇ ಇದೆ. ಅದರ ಆಚೆ ಈಚೆ ದನಗಳು ಮೇಯುತ್ತವೆ.