ಪಾಪರ್ ಚೀಟಿಯ ಆಯುಷ್ಯ

ನಮ್ಮ ಗದಗ ಪೇಟೆಯಲ್ಲಿ ಕಡ ಕೊಡುವುದಕ್ಕೆ ‘ಉದ್ರಿ’ ಅಂತಾರೆ, ಕಡ ಹುಟ್ಟುವ ಯೋಗ್ಯತೆಗೆ ‘ಪತ್ತು’ ಅಂತಾರೆ. ಪತ್ತು ಕಳಕೊಂಡವನು ದಿವಾಳಿ ಎದ್ದ. ಅದನ್ನೇ ಕೋರ್ಟಿನಲ್ಲಿ ಬರೆಸಿಕೊಂಡು ಬಂದವನು ಪಾಪರ್ ಆದ. 1952ರಲ್ಲಿ ನಮ್ಮ ಅಪ್ಪ ಪಾಪರ್ ಆದ. ನನಗಾಗ ಒಂಬತ್ತು ವರ್ಷ.

ಅಪ್ಪನದು ಹತ್ತಿಯ ಅಡತಿ ಅಂಗಡಿ. ರೈತರ ಅಂಡಿಗೆ ಇಳಿಸಿಕೊಂಡು, ಜಿನ್ನಿನವರಿಗೆ ಮಾರಿಸಿ, ದಲಾಲಿ ಮುರಿದುಕೊಂಡು ಉಳಿದದ್ದನ್ನು ರೈತನ ಕೈಗಿಡುವ ವ್ಯವಹಾರ. ಕೊರಿಯಾ ಯುದ್ಧ ಸುರುವಾದ ಮೇಲೆ ಏರಿದ್ದ ಸರಕುಗಳ ಧಾರಣೆ 1952ರ ಆರಂಭದಲ್ಲಿ ದೇಶದ ಪೇಟೆಗಳಲ್ಲಿ ಕುಸಿದು ಬಿತ್ತು. ಅಪ್ಪ ಏರಿದ ಧಾರಣೆಯನ್ನು ನಂಬಿ ರೈತರಿಗೆ ಮುಂಗಡ ಹಂಚಿದ್ದ, ಆ ಮುಂಗಡಕ್ಕಾಗಿ ಹುಂಡಿ ಬರೆದಿದ್ದ. ಹುಂಡಿಗಳ ಮುದ್ದತ್ತು ಬಂತು, ಹತ್ತಿಯ ದುಡ್ಡು ಬರಲಿಲ್ಲ.

ಆಗ ನಡೆಯುತ್ತಿದ್ದದ್ದು 1920ರ ಪ್ರಾಂತೀಯ ದಿವಾಳಿ ಕಾಯ್ದೆ. 500 ರೂಪಾಯಿ ಇಲ್ಲವೆ ಅದಕ್ಕಿಂತ ಹೆಚ್ಚು ಸಾಲವಿದ್ದು ತೀರಿಸಲಾಗದವನು ತಾನೇ ಅರ್ಜಿ ಕೊಡಬಹುದಿತ್ತು. ಅಪ್ಪ ಧಾರವಾಡಕ್ಕೆ ಹೋಗಿ ಅರ್ಜಿ ಕೊಟ್ಟ. ಹೆಸರು ಸರಕಾರಿ ಗ್ಯಾಝೆಟ್ಟಿನಲ್ಲಿ ಅಚ್ಚಾಯಿತು. ಕೋರ್ಟು ನೇಮಿಸಿದ ರಿಸೀವರು ಬಂದು ತಿಜೋರಿ, ತಕ್ಕಡಿ, ಗಾದಿಯ ಮೇಲಿನ ಲೋಡುಗಳನ್ನೂ ಯಾದಿ ಮಾಡಿಸಿ ಲಿಲಾವು ಹಾಕಿದ. ಅವ್ವ ಪಡಸಾಲೆಯ ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕುಂತಿದ್ದಳು.

ಆ ಕಾಯ್ದೆಯನ್ನು ನಾನು ದೊಡ್ಡವನಾದ ಮೇಲೆ ಓದಿದೆ. ಅದರಲ್ಲಿ ಕಠೋರತೆಯೂ ಇದೆ, ಕರುಣೆಯೂ ಇದೆ. ಪಾಪರ್ ಆದವನ ಆಸ್ತಿ ಅವನ ಸಾಲದ ರೂಪಾಯಿಗೆ ಎಂಟಾಣೆಯಷ್ಟೂ ಬಾರದಿದ್ದರೆ ಪೂರ್ತಿ ಬಿಡುಗಡೆ ಸುಲಭಕ್ಕೆ ಸಿಗದು. ಕೈಮೀರಿದ ಕಾರಣದಿಂದ ಹಾಗಾಯಿತೆಂದು ಅವನೇ ತೋರಿಸಬೇಕು. ಹಿಂದಿನ ಮೂರು ವರ್ಷದ ಲೆಕ್ಕದ ಪುಸ್ತಕ ಸರಿಯಾಗಿ ಇಟ್ಟಿರದಿದ್ದರೆ ಅದೂ ಅಡ್ಡ ಬರುತ್ತದೆ. ಅಪ್ಪನನ್ನು ಕಾಯ್ದದ್ದು ಅವನ ಕಿರ್ದಿ-ಖತಾವಣಿ.

ಆ ಖತಾವಣಿ ಈಗಲೂ ನನ್ನ ಹತ್ತಿರ ಇದೆ. ಕೆಂಪು ಅರಿವೆಯ ರಟ್ಟು, ದಪ್ಪ ದಾರದ ಹೊಲಿಗೆ. ಮೊದಲ ಪುಟದ ನೆತ್ತಿಗೆ ದೀಪಾವಳಿ ಪೂಜೆಯ ಕುಂಕುಮದ ಬೊಟ್ಟು, ಕೆಳಗೆ ‘ಶ್ರೀ’. ಆ ಬೊಟ್ಟಿನ ಮಗ್ಗುಲಿಗೇ ಕೋರ್ಟಿನ ನೇರಳೆ ಸಿಕ್ಕಾ, ‘ನಿಶಾನಿ’ ಅಂತ ಬರೆದು ನಂಬರು. ಕುಂಕುಮ ಮಾಸಿದೆ, ಸಿಕ್ಕಾ ಮಾಸಿಲ್ಲ.

ಆ ಕಾಯ್ದೆಯಲ್ಲಿ ಇನ್ನೊಂದು ಕಲಮು ಇತ್ತು. ಬಿಡುಗಡೆ ಆಗುವ ತನಕ ಯಾರ ಹತ್ತಿರವಾದರೂ 50 ರೂಪಾಯಿ ಅಥವಾ ಮೇಲ್ಪಟ್ಟು ಉದ್ರಿ ತರುವಾಗ ‘ನಾನು ಪಾಪರ್’ ಎಂದು ಮೊದಲೇ ಹೇಳಬೇಕು. ಹೇಳದಿದ್ದರೆ ಆರು ತಿಂಗಳವರೆಗೆ ಸೆರೆಮನೆ. 1954ರಲ್ಲಿ ಅಕ್ಕನ ಮದುವೆಗೆ ಅರಿವೆ ತರಲು ಅಪ್ಪನ ಜೋಡಿ ನಾನೂ ಹೋಗಿದ್ದೆ. ಸೀರೆ ಬಿಚ್ಚಿ ಹಾಸುವ ಮೊದಲೇ ಅಪ್ಪ ಹೇಳಿದ: “ಮೊದಲ ಹೇಳಿಬಿಡ್ತೀನ್ರಿ, ನಾ ಪಾಪರ್ ಆದಾಂವ ಇದ್ದೀನಿ.” ಅಂಗಡಿಯವರು ತಲೆ ಎತ್ತದೆ ಸೀರೆಯ ಸೆರಗು ತೋರಿಸುತ್ತ ಅಂದರು: “ಊರಿಗೇ ಗೊತ್ತೈತಿ ಮಾಲಕರ. ಸುಗ್ಗಿಗೆ ಕೊಡೀರಂತ, ಒಯ್ಯಿರಿ.”

ಆ ಮಾತಿನ ಬೆಲೆ ನನಗೆ ತಿಳಿಯಲು ಬಹಳ ವರ್ಷ ಹಿಡಿಯಿತು. ಪೇಟೆಯ ನೆನಪಿಗೆ ಮುದ್ದತ್ತು ಇರಲಿಲ್ಲ, ನಿಜ. ಆದರೆ ಆ ನೆನಪಿಗೆ ಕಿವಿ ಇತ್ತು, ಹೇಳಿದ್ದನ್ನು ಕೇಳುತ್ತಿತ್ತು. ನಮ್ಮ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿ ಶಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ್ದೂ ಈ ಕಿವಿಯನ್ನೇ ನಂಬಿ. ಅಂಥ ಹಳ್ಳಿಯ ಸಂಘಗಳಲ್ಲಿ ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಹೊಣೆ. ಹಾಗಾಗಿ ಯಾರ ಹೊಲ ಒಣಗಿತು, ಯಾರು ಕುಡಿದು ಕಳೆದರು ಎಂಬ ಭೇದ ಎಲ್ಲರಿಗೂ ಗೊತ್ತಿರುತ್ತಿತ್ತು.

ಅಪರಿಚಿತರ ನಡುವೆ ಹೀಗಾಗದು. ನ್ಯೂಯಾರ್ಕಿನಲ್ಲಿ ಲೂಯಿಸ್ ಟಪ್ಪನ್ ಎಂಬವರು 1841ರಲ್ಲಿ ಊರೂರಿನ ವ್ಯಾಪಾರಿಗಳ ಪತ್ತನ್ನು ಪುಸ್ತಕಕ್ಕೆ ಬರೆದಿಡುವ ಸಂಸ್ಥೆ ತೆರೆದರು. ಅವರೂ ಅವರ ಅಣ್ಣನೂ ನಡೆಸುತ್ತಿದ್ದ ರೇಷ್ಮೆ ಅಂಗಡಿ 1837ರ ಮುಗ್ಗಟ್ಟಿನಲ್ಲಿ ಮುಳುಗಿತ್ತು. ಅಲ್ಲಿಂದ ಬೆಳೆದ ಕಸುಬಿಗೆ ಅಮೆರಿಕದ 1970ರ ಕಾನೂನು ಕಡಿವಾಣ ಹಾಕಿ, ದಿವಾಳಿಯ ಸಂಗತಿಯನ್ನು ವರದಿಯಲ್ಲಿ 14 ವರ್ಷಕ್ಕಿಂತ ಹೆಚ್ಚು ತೋರಿಸಬಾರದು ಎಂದಿತು. 1978ರಲ್ಲಿ ಅದು 10ಕ್ಕೆ ಇಳಿಯಿತು. ನಮ್ಮಲ್ಲಿ ಸಾಲಗಾರರ ಪತ್ತನ್ನು ದಾಖಲಿಸುವ ಸಿಬಿಲ್ ಸಂಸ್ಥೆ ಹುಟ್ಟಿದ್ದು 2000ದಲ್ಲಿ, ಇಂಥ ಸಂಸ್ಥೆಗಳಿಗೆ ಕಾನೂನು ಬಂದದ್ದು 2005ರಲ್ಲಿ. ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬುದು ನಮ್ಮ ನಿಯಮ. ಅವರದು ಇಷ್ಟಕ್ಕಿಂತ ಹೆಚ್ಚು ಬೇಡ ಎನ್ನುತ್ತದೆ, ನಮ್ಮದು ಇಷ್ಟಕ್ಕಿಂತ ಕಡಿಮೆ ಬೇಡ ಎನ್ನುತ್ತದೆ. ಈ ವ್ಯತ್ಯಾಸ ನನ್ನನ್ನು ಕಾಡುತ್ತದೆ. ಮರೆಯುವ ದಿನವನ್ನೂ ಕಾನೂನೇ ಗೊತ್ತುಮಾಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆಂದರೆ 2021ರಲ್ಲಿ ನನ್ನ ಮೊಮ್ಮಗ ತನ್ನ ವರದಿ ತಂದು ತೋರಿಸಿದ. ಹುಬ್ಬಳ್ಳಿಯಲ್ಲಿ ಅವನದೊಂದು ಸಣ್ಣ ಮುದ್ರಣಾಲಯವಿತ್ತು. 2016ರಲ್ಲಿ ಕೈ ಕಚ್ಚಿ, ಬ್ಯಾಂಕಿನವರು ಹೇಳಿದಷ್ಟು ಕಟ್ಟಿ ಸಾಲ ಮುಗಿಸಿದ್ದ. ಮುಗಿಯಿತು ಅಂತಲೇ ತಿಳಿದಿದ್ದ. ವರದಿಯಲ್ಲಿ 36 ತಿಂಗಳಿಗೆ 36 ಮನೆ: ಹೊತ್ತಿಗೆ ಕಟ್ಟಿದ ತಿಂಗಳಿಗೆ ಮೂರು ಸೊನ್ನೆ, ತಡವಾದ ತಿಂಗಳಿಗೆ ತಡವಾದ ದಿನಗಳ ಎಣಿಕೆ. ಕೆಳಗೆ ‘ಸೆಟಲ್ಡ್’. ಅಂದರೆ ಪೂರ್ತಿ ಕೊಟ್ಟಿಲ್ಲ ಎಂದರ್ಥ. 300ರಿಂದ 900ರವರೆಗಿನ ಅಳತೆಯಲ್ಲಿ ಅವನ ಅಂಕ ತಳದ ಹತ್ತಿರ. ಮನೆಸಾಲ ಹುಟ್ಟಲಿಲ್ಲ.

“ಅಜ್ಜಾ, ಯಾಕ ಹಿಂಗಾತು ಅಂತ ಒಬ್ಬರೂ ಕೇಳಲಿಲ್ಲ,” ಅಂದ.

ನಾನು ಪೆಟ್ಟಿಗೆ ತೆರೆದು ಖತಾವಣಿ ತಂದೆ. 1956ರಲ್ಲಿ ಕೋರ್ಟು ಅಪ್ಪನನ್ನು ಬಿಡುಗಡೆ ಮಾಡಿತ್ತು. ಕಾನೂನಿನ ಪ್ರಕಾರ ಆ ಸಾಲಗಳು ಅಲ್ಲಿಗೆ ಹರಿದವು. ಅಪ್ಪ ಆಮೇಲೆ ಒಂದು ಜಿನ್ನಿನಲ್ಲಿ ದಿವಾನಜಿ ಆಗಿ, ಪಗಾರದಲ್ಲಿ ಉಳಿಸಿ ಒಬ್ಬೊಬ್ಬರದೇ ಮುಟ್ಟಿಸಿದ. ಮುಟ್ಟಿದ ಖಾತೆಯ ಅಡಿಗೆ ಎರಡು ಗೆರೆ ಎಳೆದು, ತಾರೀಖು ಹಾಕಿ, ‘ಬೇಬಾಕಿ’ ಅಂತ ಬರೆದ. ಕೊನೆಯ ಬೇಬಾಕಿ 1971ರದು, 140 ರೂಪಾಯಿ. ಅಕ್ಷರ ನಡುಗಿವೆ.

ಮೊಮ್ಮಗ ಆ ಪುಟದ ಮೇಲೆ ಬೆರಳಾಡಿಸಿ, “ಬ್ಯಾಂಕಿನ್ಯಾವರೂ ಬೇಬಾಕಿ ಪತ್ರ ಅಂತನ ಕೊಡ್ತಾರ ಅಜ್ಜಾ,” ಅಂದ. ಉಳಿದ ಹಣ ಕಟ್ಟಿ ಆ ಪತ್ರ ತರಲು ಅವನಿಗೆ ಹದಿನಾಲ್ಕು ತಿಂಗಳು ಹಿಡಿಯಿತು. ಅದರ ಒಂದು ಝೆರಾಕ್ಸನ್ನು ನನ್ನ ಕೈಗೆ ಕೊಟ್ಟ. ಖತಾವಣಿಯ ಹಿಂದಿನ ರಟ್ಟಿನೊಳಗೆ ಇಟ್ಟಿದ್ದೇನೆ.