ವಿಡಿಯೊ ದಾಖಲೆಗಳನ್ನು ಫೋಲ್ಡರ್ ರಚನೆ ಕೆಡದಂತೆ ಡಿಸ್ಕ್‌ಗೆ ಬರೆಯುವ ಕ್ರಮ

(ವಿಜಯಪುರ ನಗರ, ತಿಕೋಟಾ ಹಾಗೂ ಬಬಲೇಶ್ವರ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಬೆಳೆಹಾನಿ, ಜಮೀನಿನ ಗಡಿ ವಿವಾದ, ಭೂಸ್ವಾಧೀನ ಪರಿಹಾರ ಮುಂತಾದ ವಿಷಯಗಳಲ್ಲಿ ಸಾರ್ವಜನಿಕರು ತಮ್ಮ ಮನವಿಯೊಂದಿಗೆ ವಿಡಿಯೊ ಚಿತ್ರಣವನ್ನು ಸಿ.ಡಿ. ಅಥವಾ ಡಿ.ವಿ.ಡಿ.ಯಲ್ಲಿ ಲಗತ್ತಿಸುವುದುಂಟು. ತಿಕೋಟಾ ಭಾಗದ ದ್ರಾಕ್ಷಿ ತೋಟವೊಂದು ಆಲಿಕಲ್ಲು ಮಳೆಗೆ ಸಿಕ್ಕಾಗ ಅಥವಾ ಬಬಲೇಶ್ವರ ಭಾಗದಲ್ಲಿ ಕಾಲುವೆಗಾಗಿ ಜಮೀನು ಅಗೆಯುವ ಮುನ್ನ ತೆಗೆದ ಚಿತ್ರಣವನ್ನು ಮತ್ತೊಮ್ಮೆ ತೆಗೆಯಲು ಸಾಧ್ಯವಿಲ್ಲ. ಕಾಲುವೆ ಅಗೆದ ಬಳಿಕ ಅಲ್ಲಿದ್ದ ಬಾವಿ, ಮರ ಹಾಗೂ ಬಳ್ಳಿಗಳಿಗೆ ಆ ಚಿತ್ರಣವೇ ಸಾಕ್ಷಿಯಾಗಿ ಉಳಿಯುತ್ತದೆ. ಆದರೆ ಡಿಸ್ಕ್ ತೆರೆದಾಗ ವಿಡಿಯೊ ಕಾಣದಿದ್ದಲ್ಲಿ ಆ ಲಗತ್ತಿನಿಂದ ಪ್ರಯೋಜನವಿಲ್ಲ. ಡಿಸ್ಕ್ ಸುಸ್ಥಿತಿಯಲ್ಲಿದ್ದೂ ಹೀಗಾಗಲು ಮುಖ್ಯ ಕಾರಣ, ಬರೆಯುವಾಗ ಫೋಲ್ಡರ್‌ಗಳ ಜೋಡಣೆ ಬದಲಾಗಿರುವುದು.

2. ಫೋಲ್ಡರ್ ರಚನೆ ಏಕೆ ಮುಖ್ಯ

ಅ) ಕ್ಯಾಮೆರಾದ ಕಾರ್ಡ್: ಎ.ವಿ.ಸಿ.ಎಚ್.ಡಿ. ಮಾದರಿಯ ಕ್ಯಾಮೆರಾಗಳು ದೃಶ್ಯವನ್ನು ಒಂದು ಫೋಲ್ಡರ್‌ನಲ್ಲಿಯೂ ಅದರ ವಿವರ ಹಾಗೂ ಅನುಕ್ರಮವನ್ನು ಬೇರೆ ಫೋಲ್ಡರ್‌ಗಳಲ್ಲಿಯೂ ಇಡುತ್ತವೆ. ದೀರ್ಘ ಚಿತ್ರಣವು ಹಲವು ಫೈಲ್‌ಗಳಾಗಿ ಒಡೆದಿರುತ್ತದೆ. ದೃಶ್ಯದ ಫೈಲ್‌ಗಳನ್ನು ಮಾತ್ರ ಆರಿಸಿ ನಕಲು ಮಾಡಿದಲ್ಲಿ ಅವುಗಳನ್ನು ಒಂದಕ್ಕೊಂದು ಜೋಡಿಸುವ ವಿವರ ಕಳೆದುಹೋಗುತ್ತದೆ.

ಆ) ಸಂಕಲನದ ಯೋಜನಾ ಫೈಲ್: ಸ್ಟುಡಿಯೊಗಳಲ್ಲಿ ಬಳಸುವ ಸಂಕಲನ ತಂತ್ರಾಂಶದ ಯೋಜನಾ ಫೈಲ್‌ನಲ್ಲಿ ಸಾಮಾನ್ಯವಾಗಿ ವಿಡಿಯೊ ಇರುವುದಿಲ್ಲ. ಯಾವ ಫೋಲ್ಡರ್‌ನ ಯಾವ ಫೈಲ್‌ನಿಂದ ಎಷ್ಟು ಭಾಗ ತೆಗೆದುಕೊಳ್ಳಬೇಕು ಎಂಬ ಸೂಚನೆ ಮಾತ್ರ ಇರುತ್ತದೆ. ಆ ಫೈಲ್ ಸೂಚಿಸಿದ ಸ್ಥಳದಲ್ಲಿ ಇಲ್ಲದಿದ್ದಲ್ಲಿ ತಂತ್ರಾಂಶವು ಅದನ್ನು ಹುಡುಕಿಕೊಡುವಂತೆ ಕೇಳುತ್ತದೆ. ಆದ್ದರಿಂದ ಯೋಜನಾ ಫೈಲ್ ಒಂದನ್ನೇ ಡಿಸ್ಕ್‌ಗೆ ಬರೆದರೆ ಅದು ಉಪಯೋಗಕ್ಕೆ ಬಾರದು.

ಇ) ಡಿ.ವಿ.ಡಿ. ಪ್ಲೇಯರ್‌ಗಾಗಿ ಸಿದ್ಧಪಡಿಸಿದ ಡಿಸ್ಕ್: ಇದರಲ್ಲಿ ‘ವಿಡಿಯೊ_ಟಿಎಸ್’ ಎಂಬ ಫೋಲ್ಡರ್ ಡಿಸ್ಕ್‌ನ ಮೊದಲ ಹಂತದಲ್ಲಿಯೇ ಇರತಕ್ಕದ್ದು. ಅದನ್ನು ಇನ್ನೊಂದು ಫೋಲ್ಡರ್‌ನ ಒಳಗೆ ಇಟ್ಟು ಬರೆದಲ್ಲಿ ಪ್ಲೇಯರ್ ಅದನ್ನು ಗುರುತಿಸುವುದಿಲ್ಲ.

3. ಬರೆಯುವ ಮುನ್ನ ಸಿದ್ಧತೆ

1) ಎಲ್ಲವನ್ನೂ ಒಂದೇ ಮುಖ್ಯ ಫೋಲ್ಡರ್‌ನಲ್ಲಿ ತಂದಿರಿಸಬೇಕು. ಅದರೊಳಗೆ 01 ಮೂಲ ಚಿತ್ರಣ, 02 ಯೋಜನಾ ಫೈಲ್, 03 ಸಿದ್ಧ ವಿಡಿಯೊ, 04 ವಿವರಪಟ್ಟಿ ಎಂದು ನಾಲ್ಕು ಉಪಫೋಲ್ಡರ್‌ಗಳಿರಲಿ. ಅನೇಕ ಸಂಕಲನ ತಂತ್ರಾಂಶಗಳಲ್ಲಿ ಯೋಜನೆಗೆ ಬೇಕಾದ ಎಲ್ಲ ಫೈಲ್‌ಗಳನ್ನು ಒಂದೆಡೆ ಸಂಗ್ರಹಿಸಿ ಕೊಡುವ ಸೌಲಭ್ಯವಿದ್ದು, ಅದನ್ನು ಬಳಸುವುದು ಸೂಕ್ತ.

2) ಕ್ಯಾಮೆರಾದ ಕಾರ್ಡ್‌ನಲ್ಲಿರುವುದನ್ನೆಲ್ಲ ಇದ್ದ ಹಾಗೆಯೇ ನಕಲು ಮಾಡಬೇಕು. ಕಾರ್ಡ್‌ನೊಳಗಿನ ಫೈಲ್ ಅಥವಾ ಫೋಲ್ಡರ್‌ಗಳ ಹೆಸರನ್ನು ಬದಲಿಸಬಾರದು.

3) ತಾವೇ ಇಡುವ ಹೆಸರುಗಳು ಚಿಕ್ಕದಾಗಿ, ಇಂಗ್ಲಿಷ್ ಅಕ್ಷರ ಹಾಗೂ ಅಂಕಿಗಳಲ್ಲಿ ಇರುವುದು ಲೇಸು. ಡಿಸ್ಕ್‌ಗಳಿಗಾಗಿ ರೂಪಿಸಿದ ಐ.ಎಸ್.ಒ. 9660 ಎಂಬ ಕ್ರಮದ ಮೂಲ ಹಂತದಲ್ಲಿ ಹೆಸರಿಗೆ 8 ಅಕ್ಷರ ಹಾಗೂ 3 ಅಕ್ಷರದ ವಿಸ್ತರಣೆ ಮಾತ್ರ ಅವಕಾಶವಿದ್ದು, ಫೋಲ್ಡರ್‌ನೊಳಗೆ ಫೋಲ್ಡರ್ 8 ಹಂತಗಳವರೆಗೆ ಮಾತ್ರ ಇರಬಹುದು. ಜೋಲಿಯೆಟ್ ಕ್ರಮದಲ್ಲಿ ಹೆಸರಿಗೆ 64 ಅಕ್ಷರಗಳ ಮಿತಿಯಿದೆ. ಯು.ಡಿ.ಎಫ್. ಕ್ರಮವು ಇವೆರಡಕ್ಕಿಂತ ಉದ್ದದ ಹೆಸರುಗಳನ್ನು ಸ್ವೀಕರಿಸುತ್ತದೆ. ಮಿತಿ ಮೀರಿದ ಹೆಸರನ್ನು ಬರೆಯುವ ತಂತ್ರಾಂಶವು ಮೊಟಕುಗೊಳಿಸಬಹುದು. ಹೆಸರು ಮೊಟಕಾದೊಡನೆ ಯೋಜನಾ ಫೈಲ್‌ನ ಸೂಚನೆ ತಪ್ಪಿಹೋಗುತ್ತದೆ. ಕನ್ನಡದ ವಿವರಗಳನ್ನು ವಿವರಪಟ್ಟಿಯಲ್ಲಿ ಬರೆಯಬಹುದು.

4) ಗಾತ್ರವನ್ನು ನೋಡಿಕೊಳ್ಳಬೇಕು. ಸಿ.ಡಿ.ಯಲ್ಲಿ 700 ಎಂ.ಬಿ., ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಜಿ.ಬಿ., ಎರಡು ಪದರದ ಡಿ.ವಿ.ಡಿ.ಯಲ್ಲಿ 8.5 ಜಿ.ಬಿ., ಒಂದು ಪದರದ ಬ್ಲೂ-ರೇ ಡಿಸ್ಕ್‌ನಲ್ಲಿ 25 ಜಿ.ಬಿ. ಹಿಡಿಸುತ್ತದೆ. ವಿಂಡೋಸ್‌ನ ಎಣಿಕೆಯ ಕ್ರಮ ಬೇರೆಯಾದ್ದರಿಂದ 4.7 ಜಿ.ಬಿ.ಯ ಡಿ.ವಿ.ಡಿ.ಯು ಅಲ್ಲಿ ಸುಮಾರು 4.38 ಜಿ.ಬಿ. ಎಂದು ಕಾಣುತ್ತದೆ. ಒಂದು ಡಿಸ್ಕ್ ಸಾಲದಿದ್ದಲ್ಲಿ ಚಿತ್ರಣದ ದಿನಾಂಕವಾರು ಪೂರ್ಣ ಫೋಲ್ಡರ್‌ಗಳನ್ನೇ ಬೇರೆ ಡಿಸ್ಕ್‌ಗಳಿಗೆ ಹಂಚಬೇಕು. ಪ್ರತಿ ಡಿಸ್ಕ್‌ನಲ್ಲಿಯೂ ಒಟ್ಟು ವಿವರಪಟ್ಟಿ ಇರತಕ್ಕದ್ದು.

4. ಬರೆಯುವ ವಿಧಾನ

1) ಬರೆಯುವ ತಂತ್ರಾಂಶದಲ್ಲಿ ‘ದತ್ತಾಂಶ ಡಿಸ್ಕ್’ ಎಂಬುದನ್ನು ಆರಿಸಬೇಕು. ‘ವಿಡಿಯೊ ಡಿಸ್ಕ್’ ಎಂದು ಆರಿಸಿದಲ್ಲಿ ತಂತ್ರಾಂಶವು ಚಿತ್ರಣವನ್ನು ಬೇರೆ ಮಾದರಿಗೆ ಪರಿವರ್ತಿಸಬಹುದು. ಆಗ ಅದು ಮೂಲದ ಯಥಾಪ್ರತಿಯಾಗಿ ಉಳಿಯುವುದಿಲ್ಲ.

2) ಮುಖ್ಯ ಫೋಲ್ಡರ್ ಅನ್ನೇ ಇಡಿಯಾಗಿ ಎಳೆದು ಹಾಕಬೇಕು. ಅದನ್ನು ತೆರೆದು ಒಳಗಿನ ಫೈಲ್‌ಗಳನ್ನು ಬಿಡಿಬಿಡಿಯಾಗಿ ಆರಿಸಿ ಹಾಕಬಾರದು.

3) ವಿಂಡೋಸ್ ಗಣಕಯಂತ್ರವು ಡಿಸ್ಕ್ ಬಳಕೆಯ ಬಗೆಯನ್ನು ಕೇಳಿದಾಗ ಸಿ.ಡಿ./ಡಿ.ವಿ.ಡಿ. ಪ್ಲೇಯರ್‌ನೊಂದಿಗೆ ಬಳಸುವ ಆಯ್ಕೆಯನ್ನು ಒಪ್ಪಬೇಕು. ಪೆನ್ ಡ್ರೈವ್‌ನಂತೆ ಬಳಸುವ ಆಯ್ಕೆಯಲ್ಲಿ ಬರೆದ ಡಿಸ್ಕ್ ಬೇರೆ ಯಂತ್ರಗಳಲ್ಲಿ ತೆರೆಯದಿರುವ ಸಂಭವವಿದೆ.

4) ಒಮ್ಮೆ ಮಾತ್ರ ಬರೆಯಬಹುದಾದ ಡಿಸ್ಕ್ ಬಳಸಿ, ಕೊನೆಯಲ್ಲಿ ಮುಂದೆ ಏನನ್ನೂ ಸೇರಿಸಲಾಗದಂತೆ ಮುಕ್ತಾಯಗೊಳಿಸಬೇಕು.

5) ಬರೆದ ಡಿಸ್ಕ್ ಅನ್ನು ಬೇರೊಂದು ಗಣಕಯಂತ್ರದಲ್ಲಿ ತೆರೆದು ಫೈಲ್‌ಗಳ ಸಂಖ್ಯೆ ಹಾಗೂ ಒಟ್ಟು ಗಾತ್ರವನ್ನು ಮೂಲದೊಂದಿಗೆ ತಾಳೆ ನೋಡಬೇಕು. ಸಿದ್ಧ ವಿಡಿಯೊವನ್ನು ಆದಿಯಿಂದ ಅಂತ್ಯದವರೆಗೆ ಓಡಿಸಿ ನೋಡುವುದು ಅವಶ್ಯ.

5. ಹ್ಯಾಶ್ ಮೌಲ್ಯ ಹಾಗೂ ಪ್ರಮಾಣಪತ್ರ

ಫೈಲ್‌ನ ಒಳಗಿನ ಅಂಶಗಳಿಂದ ಲೆಕ್ಕ ಹಾಕಿ ಪಡೆಯುವ ಗುರುತಿಗೆ ಹ್ಯಾಶ್ ಮೌಲ್ಯ ಎನ್ನುತ್ತಾರೆ. ಎಸ್.ಎಚ್.ಎ.-256 ವಿಧಾನದಲ್ಲಿ ಇದು ಸಾಮಾನ್ಯವಾಗಿ 64 ಅಕ್ಷರ-ಅಂಕಿಗಳ ಸಾಲಾಗಿ ದೊರೆಯುತ್ತದೆ. ಫೈಲ್‌ನಲ್ಲಿ ಅತ್ಯಲ್ಪ ಬದಲಾವಣೆಯಾದರೂ ಈ ಸಾಲು ಬೇರೆಯಾಗುತ್ತದೆ. ವಿಂಡೋಸ್‌ನಲ್ಲಿಯೇ ಇರುವ ‘ಸರ್ಟ್‌ಯುಟಿಲ್’ ಎಂಬ ಸಾಧನದಿಂದ ಇದನ್ನು ಪಡೆಯಬಹುದು. ಮೂಲದ ಪ್ರತಿ ಫೈಲ್‌ನ ಮೌಲ್ಯವನ್ನು ವಿವರಪಟ್ಟಿಯಲ್ಲಿ ದಾಖಲಿಸಿ, ಡಿಸ್ಕ್‌ನಲ್ಲಿರುವ ಪ್ರತಿಯ ಮೌಲ್ಯದೊಂದಿಗೆ ಹೋಲಿಸಬೇಕು.

ಪ್ರಕರಣವು ನ್ಯಾಯಾಲಯಕ್ಕೆ ಹೋದಲ್ಲಿ ಡಿಸ್ಕ್ ಒಂದೇ ಸಾಲುವುದಿಲ್ಲ. 2014ರಲ್ಲಿ ಅನ್ವರ್ ಪಿ.ವಿ. ವಿರುದ್ಧ ಪಿ.ಕೆ. ಬಷೀರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಂದಿನ ಸಾಕ್ಷ್ಯ ಅಧಿನಿಯಮದ 65ಬಿ ಪ್ರಕರಣದ ಪ್ರಮಾಣಪತ್ರವಿಲ್ಲದೆ ಹಾಜರುಪಡಿಸಿದ ಸಿ.ಡಿ.ಗಳನ್ನು ಸಾಕ್ಷ್ಯವಾಗಿ ಸ್ವೀಕರಿಸಲಿಲ್ಲ. 2020ರ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಈ ನಿಲುವನ್ನು ಎತ್ತಿಹಿಡಿದು, ಮೂಲ ಸಾಧನವನ್ನೇ ಅದರ ಮಾಲೀಕರು ಹಾಜರುಪಡಿಸಿ ಸಾಕ್ಷ್ಯ ನುಡಿದಲ್ಲಿ ಪ್ರಮಾಣಪತ್ರ ಅಗತ್ಯವಿಲ್ಲವೆಂದು ಸ್ಪಷ್ಟಪಡಿಸಲಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ 63ನೇ ಪ್ರಕರಣವು ಇದೇ ವಿಷಯಕ್ಕೆ ಸಂಬಂಧಿಸಿದೆ. ಇದರ ಅನುಸೂಚಿಯಲ್ಲಿರುವ ಪ್ರಮಾಣಪತ್ರದ ಭಾಗ ‘ಎ’ಯನ್ನು ಹಾಜರುಪಡಿಸುವ ಪಕ್ಷಗಾರರೂ ಭಾಗ ‘ಬಿ’ಯನ್ನು ತಜ್ಞರೂ ಭರ್ತಿ ಮಾಡಬೇಕಾಗಿದ್ದು, ಎರಡರಲ್ಲಿಯೂ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕಾಗುತ್ತದೆ.

6. ಅರ್ಜಿದಾರರ ಗಮನಕ್ಕೆ

* ಡಿಸ್ಕ್ ಸಲ್ಲಿಸಿದ ಬಳಿಕವೂ ಮೂಲ ಕಾರ್ಡ್ ಅಥವಾ ಮೊಬೈಲ್‌ನಲ್ಲಿರುವ ಚಿತ್ರಣವನ್ನು ಪ್ರಕರಣ ಇತ್ಯರ್ಥವಾಗುವವರೆಗೆ ಅಳಿಸಬಾರದು. ಸ್ಟುಡಿಯೊದವರಿಂದ ಚಿತ್ರಣ ಮಾಡಿಸಿದಲ್ಲಿ ಸಿದ್ಧ ವಿಡಿಯೊದೊಂದಿಗೆ ಮೂಲ ಫೈಲ್‌ಗಳನ್ನೂ ಕೇಳಿ ಪಡೆಯಬೇಕು.

* ಎರಡು ಪ್ರತಿಗಳನ್ನು ಮಾಡಿ, ಒಂದನ್ನು ತಮ್ಮಲ್ಲಿಯೇ ಇರಿಸಿಕೊಳ್ಳಬೇಕು. ವಿವರಪಟ್ಟಿಯ ಮುದ್ರಿತ ಪ್ರತಿಯನ್ನು ಮನವಿಯೊಂದಿಗೆ ಲಗತ್ತಿಸಿ ಸ್ವೀಕೃತಿ ಪಡೆಯುವುದು ಸೂಕ್ತ.

* ಡಿಸ್ಕ್‌ನ ಮೇಲ್ಭಾಗದಲ್ಲಿ ಮಾರ್ಕರ್ ಪೆನ್ನಿನಿಂದ ಹೆಸರು, ಗ್ರಾಮ, ಸರ್ವೆ ನಂಬರ್ ಹಾಗೂ ದಿನಾಂಕ ಬರೆಯಬೇಕು. ಬಾಲ್‌ಪೆನ್ ಬಳಸಬಾರದು, ಚೀಟಿ ಅಂಟಿಸಬಾರದು.

* ಬರೆಯಬಲ್ಲ ಡಿಸ್ಕ್‌ಗಳು ಬಿಸಿಲು ಹಾಗೂ ಶಾಖಕ್ಕೆ ಕೆಡುತ್ತವೆ. ಬೇಸಿಗೆಯಲ್ಲಿ ಅವುಗಳನ್ನು ವಾಹನದೊಳಗೆ ಅಥವಾ ಕಿಟಕಿಯ ಬಳಿ ಇಡದೆ, ಪೆಟ್ಟಿಗೆಯಲ್ಲಿ ಹಾಕಿ ತಂಪಾದ ಸ್ಥಳದಲ್ಲಿ ಇಡತಕ್ಕದ್ದು.

* ಇತ್ತೀಚಿನ ಅನೇಕ ಗಣಕಯಂತ್ರಗಳಲ್ಲಿ ಡಿಸ್ಕ್ ಡ್ರೈವ್ ಇರುವುದಿಲ್ಲ. ಸಂಬಂಧಪಟ್ಟ ಕಚೇರಿಯು ಡಿಸ್ಕ್ ಸ್ವೀಕರಿಸುವುದೋ ಪೆನ್ ಡ್ರೈವ್ ಕೇಳುವುದೋ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಪೆನ್ ಡ್ರೈವ್‌ನಲ್ಲಿ ಕೊಡುವುದಾದರೂ ಮೇಲ್ಕಂಡ ಫೋಲ್ಡರ್ ಕ್ರಮ, ವಿವರಪಟ್ಟಿ ಹಾಗೂ ಹ್ಯಾಶ್ ಮೌಲ್ಯದ ತಾಳೆಯನ್ನು ಪಾಲಿಸುವುದು.